"ನಾವು ಪಾಕಿಸ್ತಾನದವರಲ್ಲ" ಅಂದರೆ ಸಾಕಾ?

ಕ್ರಿಕೆಟ್ ಮ್ಯಾಚ್ ಇದ್ದ ದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ 'ಪಾಕಿಗಳು ಸೋತರು' ಅಂತ ಸಲೀಸಾಗಿ ಬರೆಯುತ್ತಾರೆ. ಬರೆಯುವವರಿಗೆ ಅದು 'ಪಾಕ್' ಎಂಬುದರ ಇನ್ನೊಂದು ರೂಪ, ಅಷ್ಟೇ. ನಾನಿರುವ ಬ್ರಿಟನ್ನಿನಲ್ಲಿ ಇದೇ ಪದ ದಕ್ಷಿಣ ಏಷ್ಯಾದವರನ್ನು ಹೀಯಾಳಿಸುವ ಜನಾಂಗೀಯ ಬೈಗುಳ, ಆಫೀಸಿನಲ್ಲಿ ಆಡಿದರೆ ಕೆಲಸಕ್ಕೇ ಕುತ್ತು ಬರಬಹುದು. ಇಲ್ಲಿ ಬಹಳಷ್ಟು ಪತ್ರಿಕೆಗಳು ಅದನ್ನು ಪೂರ್ತಿಯಾಗಿ ಅಚ್ಚು ಹಾಕುವುದಿಲ್ಲ. ಮಾತಿನಲ್ಲಿ 'ಪಿ-ವರ್ಡ್' ಅಂದು ಮುಂದೆ ಹೋಗುತ್ತಾರೆ.

ಹೊಸದಾಗಿ ಬಂದ ನಮ್ಮವರಿಗೆ ಇದು ಗೊತ್ತಾಗುವುದು ಯಾರಾದರೂ ತಮ್ಮನ್ನೇ ಹಾಗೆ ಕೂಗಿದಾಗ. ನನ್ನನ್ನು ಕೂಗಿದ್ದು ಬಸ್ ಸ್ಟಾಪಿನಲ್ಲಿ. ಕಾರಿನ ಕಿಟಕಿಯಿಂದ ತಲೆ ಹಾಕಿದ ಒಬ್ಬ ಹುಡುಗ, ಒಂದು ಪದ, ಹಿಂದಿನ ಸೀಟಿನಿಂದ ನಗು. ಜೊತೆಗಿದ್ದ ಗೆಳೆಯನೂ ಕನ್ನಡದವನೇ. ಅವನು ತಕ್ಷಣ ಅಂದಿದ್ದು, "ಅಯ್ಯೋ, ನಾವು ಇಂಡಿಯನ್ಸ್ ಕಣೋ! ಅಷ್ಟೂ ಗೊತ್ತಾಗಲ್ವಾ ಇವರಿಗೆ?"

ಆ ಹುಡುಗನ ಕೂಗಿಗಿಂತ ಈ ಮಾತೇ ನನಗೆ ಜಾಸ್ತಿ ಕಾಡಿತು. ಅಲ್ಲಿ ಲಾಹೋರಿನವರು ಯಾರಾದರೂ ನಿಂತಿದ್ದರೆ ಬೈಗುಳ ಸರಿಹೋಗುತ್ತಿತ್ತಾ? ನಮ್ಮ ತಕರಾರು ಬೈದದ್ದಕ್ಕಲ್ಲ, ವಿಳಾಸ ತಪ್ಪಿದ್ದಕ್ಕೆ ಅನ್ನುವ ಹಾಗಿದೆ. ಇಂಥ ಉತ್ತರವನ್ನು ಇಲ್ಲಿ ನಮ್ಮವರ ಬಾಯಲ್ಲಿ ಎಷ್ಟು ಕೇಳಿದ್ದೇನೋ.

ವಿಳಾಸ ನೋಡಿ ಹೊಡೆದವರು ಇಲ್ಲಿ ಎಂದೂ ಇರಲಿಲ್ಲ. 1960ರ ದಶಕದ ಕೊನೆಯಿಂದ ತಲೆ ಬೋಳಿಸಿಕೊಂಡ ಹುಡುಗರ ಗುಂಪುಗಳು ಕಂದು ಮೈಬಣ್ಣದವರನ್ನು ಹುಡುಕಿ ಹೊಡೆಯುತ್ತಿದ್ದವು. ಅದಕ್ಕೆ 'ಪಾಕಿ-ಬ್ಯಾಶಿಂಗ್' ಅಂತ ಹೆಸರೇ ಇತ್ತು. 1976ರ ಜೂನ್‌ನಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಚಗ್ಗರ್ ಎಂಬ 18 ವರ್ಷದ ಸಿಖ್ ಹುಡುಗನನ್ನು ಇರಿದು ಕೊಂದರು. 1978ರ ಮೇ 4ರಂದು ಲಂಡನ್ನಿನದೇ ವೈಟ್‌ಚಾಪೆಲ್‌ನಲ್ಲಿ ಇರಿತಕ್ಕೆ ಸತ್ತ ಅಲ್ತಾಬ್ ಅಲಿ ಬಾಂಗ್ಲಾದೇಶದವನು. ಬಟ್ಟೆ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ. ಅವನ ಶವಪೆಟ್ಟಿಗೆಯ ಹಿಂದೆ ಸಾವಿರಾರು ಜನ ಪ್ರಧಾನಿಯ ಮನೆಯತ್ತ ಮೆರವಣಿಗೆ ಹೋದರು. ಅಲ್ಲಿನ ಪಾರ್ಕಿಗೆ ಈಗ ಅವನದೇ ಹೆಸರಿದೆ. ಇಬ್ಬರಲ್ಲಿ ಒಬ್ಬನೂ ಪಾಕಿಸ್ತಾನದವನಲ್ಲ. ಚಾಕು ಹಿಡಿದವರು ಪಾಸ್‌ಪೋರ್ಟ್ ಕೇಳಲಿಲ್ಲ.

ಟಿವಿಯ ಕಥೆ ಸ್ವಲ್ಪ ಬೇರೆ. 'ಮೈಂಡ್ ಯುವರ್ ಲ್ಯಾಂಗ್ವೇಜ್' ನಮ್ಮಲ್ಲಿ ಇಂದಿಗೂ ಯೂಟ್ಯೂಬಿನಲ್ಲಿ ನೋಡಿ ನಗುವ ಧಾರಾವಾಹಿ, ಅಲ್ವಾ? ಬೇರೆಬೇರೆ ದೇಶದವರು ಇಂಗ್ಲಿಷ್ ಕಲಿಯುವ ಕ್ಲಾಸಿನ ಕಥೆ, 1977ರಲ್ಲಿ ಶುರುವಾಯಿತು. ಜನ ಮುಗಿಬಿದ್ದು ನೋಡುತ್ತಿದ್ದರೂ, ಒಂದೊಂದು ದೇಶದವರನ್ನೂ ಒಂದೊಂದು ಅಚ್ಚಿಗೆ ಹಾಕಿ ನಗಿಸುವುದು ಅವಮಾನಕರ ಅಂತ ಚಾನೆಲ್ಲಿನ ಅಧಿಕಾರಿ ಮೈಕಲ್ ಗ್ರೇಡ್ ಅದನ್ನು ನಿಲ್ಲಿಸಿದರು. ನನಗೂ ಆ ಧಾರಾವಾಹಿ ಇಷ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಕ್ಲಾಸಿನ ರಂಜೀತ್ ಸಿಂಗ್ ಹಾಗೆ ಮಾತಾಡಿ ಯಾರೋ ನನ್ನೆದುರು ನಟಿಸಿದರೆ ನಗು ಬರುವುದಿಲ್ಲ.

2007ರಲ್ಲಿ ನಮ್ಮ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿ 'ಸೆಲೆಬ್ರಿಟಿ ಬಿಗ್ ಬ್ರದರ್'ಗೆ ಬಂದಾಗ ಜೊತೆಗಿದ್ದ ಸ್ಪರ್ಧಿ ಜೇಡ್ ಗೂಡಿ ಅವರನ್ನು 'ಶಿಲ್ಪಾ ಪಾಪಡಮ್' ಅಂದದ್ದು ನಿಮಗೂ ನೆನಪಿರಬಹುದು. ಬೈಗುಳದ ಪಟ್ಟಿಯಲ್ಲಿ ಹಪ್ಪಳ ಎಲ್ಲೂ ಇಲ್ಲ. ಆದರೂ ಶಿಲ್ಪಾ ಅವರನ್ನು ಅಲ್ಲಿ ನಡೆಸಿಕೊಂಡ ರೀತಿಯ ಬಗ್ಗೆ ಪ್ರಸಾರ ನಿಯಂತ್ರಕ ಆಫ್‌ಕಾಮ್‌ಗೆ 40,000ಕ್ಕೂ ಹೆಚ್ಚು ದೂರು ಬಂದವು. ಕೊನೆಗೆ ಗೆದ್ದದ್ದು ಶಿಲ್ಪಾ.

ಆಫೀಸುಗಳಲ್ಲಿ ಈಗ ನೇರ ಬೈಗುಳ ಅಪರೂಪ. ಅಲ್ಲಿ ನಡೆಯುವುದು 'ಬ್ಯಾಂಟರ್', ಅಂದರೆ ಸುಮ್ನೆ ತಮಾಷೆ. ಕ್ರಿಕೆಟಿಗ ಅಜೀಮ್ ರಫೀಕ್ ಯಾರ್ಕ್‌ಶೈರ್ ಕ್ರಿಕೆಟ್ ಕ್ಲಬ್ಬಿನಲ್ಲಿ ತನಗಾದದ್ದನ್ನು 2021ರ ನವೆಂಬರ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ಅವರು ಪಾಕಿಸ್ತಾನದಲ್ಲಿ ಹುಟ್ಟಿದವರು. ಅವರ ಮೇಲೆ ಬಳಸಿದ ಪಿ-ವರ್ಡ್ ಕೂಡ ಸ್ನೇಹದ ಬ್ಯಾಂಟರ್ ಅಂತ ಕ್ಲಬ್ಬಿನ ತನಿಖೆ ಷರಾ ಬರೆದಿತ್ತು! ಅದೇ ಕ್ಲಬ್ಬಿಗೆ ಆಡಿದ್ದ ಚೇತೇಶ್ವರ್ ಪೂಜಾರ ಅವರನ್ನು ಹೆಸರು ಹೇಳಲು ಬರುವುದಿಲ್ಲ ಅಂತ 'ಸ್ಟೀವ್' ಮಾಡಿಬಿಟ್ಟಿದ್ದರು. ರಫೀಕ್ ಕೂಡ 2011ರಲ್ಲಿ ಯಹೂದಿಗಳ ಬಗ್ಗೆ ಕೀಳಾಗಿ ಬರೆದಿದ್ದ ಮೆಸೇಜುಗಳು ಆಮೇಲೆ ಹೊರಬಂದವು. ಅವರು ಕ್ಷಮೆ ಕೇಳಿದರು. ಅದರಿಂದ ಅವರಿಗಾದ ಅನ್ಯಾಯ ಕಮ್ಮಿಯಾಗುವುದಿಲ್ಲ ಅನ್ನುವುದು ನನ್ನ ಲೆಕ್ಕ. ಒಪ್ಪದವರೂ ಇದ್ದಾರೆ.

ಇಲ್ಲೇ ಹುಟ್ಟಿ ಬೆಳೆದ ಕೆಲವು ಪಾಕಿಸ್ತಾನಿ ಮೂಲದ ಹುಡುಗರು ಆ ಪದವನ್ನು ತಮ್ಮತಮ್ಮಲ್ಲೇ ತಮಾಷೆಗೆ ಬಳಸುವುದನ್ನು ಕೇಳಿದ್ದೇನೆ. ಅದು ಅವರ ಮನೆಯ ಮಾತು. ಅದನ್ನು ಕೇಳಿ ನಾವೂ ಶುರು ಮಾಡಬೇಕಿಲ್ಲ.

ಸೆಪ್ಟೆಂಬರ್‌ಗೆ ಓದಲು ಬರುವವರು ಒಂದು ವಿಷಯ ಗೊತ್ತು ಮಾಡಿಕೊಂಡಿರಿ. ಹೀಗೆ ಕೂಗುವುದು ಇಲ್ಲಿ ಅಪರಾಧವೂ ಆಗಬಹುದು. 1998ರ ಕಾನೂನಿನ ಪ್ರಕಾರ ಜನಾಂಗ ದ್ವೇಷ ಸೇರಿದರೆ ಶಿಕ್ಷೆ ಹೆಚ್ಚುತ್ತದೆ. ಅಪಾಯ ಎದುರಿಗೇ ಇದ್ದರೆ 999, ಆಗಿಹೋಗಿದ್ದರೆ 101ಕ್ಕೆ ಪೊಲೀಸರಿಗೆ ಫೋನ್ ಮಾಡಿ. ಸಮಯ, ಜಾಗ, ಕಾರಿನ ನಂಬರ್ ಬರೆದಿಟ್ಟುಕೊಳ್ಳಿ. ಬಸ್ಸಿನೊಳಗೆ ಆಗಿದ್ದರೆ ಬಸ್ ನಂಬರ್ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ಕ್ಯಾಮೆರಾ ಇರುತ್ತದೆ. ದೂರು ಕೊಡುವಾಗ ನೀವು ಯಾವ ದೇಶದವರು ಅನ್ನುವುದನ್ನು ಹೇಳಿ. ಪಾಕಿಸ್ತಾನದವರಲ್ಲ ಅಂತ ಒತ್ತಿ ಹೇಳುವುದು ಮಾತ್ರ ಬೇಡ.