ಹೆಸರಿಲ್ಲದ ಬೋನ್ಸಾಯ್: ಗುರುತು ಹಿಡಿಯುವ ಕೆಲಸ ಎಲ್ಲಿಗೆ ಬಂತು

ಕುಂಡದಲ್ಲಿರುವ ಮರದ ಬಗ್ಗೆ ಶುರುವಿನಲ್ಲಿ ಗೊತ್ತಿದ್ದದ್ದು ಇಷ್ಟೇ. ಬುಡ ದಪ್ಪ, ಬೇರು ಚೆನ್ನಾಗಿ ಹರಡಿದೆ. ತೊಗಟೆ ಬೂದು ಬಣ್ಣ. ಎಲೆ ಚಿಕ್ಕದು, ಅಂಚಿನಲ್ಲಿ ಹಲ್ಲುಗಳಿವೆ, ಮುಟ್ಟಿದರೆ ಬೆಕ್ಕಿನ ನಾಲಿಗೆಯ ಹಾಗೆ ಒರಟು. ಹಿಂದೆ ಸಾಕಿದವರು ಕತ್ತರಿ ಕೆಲಸ ಬಲ್ಲವರು, ಅದು ಕೊಂಬೆಗಳನ್ನು ನೋಡಿದರೇ ಗೊತ್ತಾಗುತ್ತದೆ. ಆದರೆ ಹೆಸರಿನ ಚೀಟಿ ಮಾತ್ರ ಇಲ್ಲ.

ಹೆಸರು ಯಾಕೆ ಬೇಕು, ಬದುಕಿದೆಯಲ್ಲ ಅಂತ ಕೇಳುವವರಿದ್ದಾರೆ. ಸುಮ್ನೆ ನೀರು ಹಾಕಿಕೊಂಡು ಇರುವುದಾದರೆ ಬೇಕಿಲ್ಲ. ಬೋನ್ಸಾಯ್‌ನಲ್ಲಿ ಬೇರು ಕತ್ತರಿಸುತ್ತೇವೆ, ಎಲೆ ಪೂರ್ತಿ ತೆಗೆಯುತ್ತೇವೆ, ತಂತಿ ಸುತ್ತಿ ಬಗ್ಗಿಸುತ್ತೇವೆ. ಇದನ್ನೆಲ್ಲ ಯಾವಾಗ ಮಾಡಬೇಕು, ಎಷ್ಟು ಮಾಡಬಹುದು ಅನ್ನುವುದು ಜಾತಿಯ ಮೇಲೆ ನಿಂತಿದೆ. ಎಲ್ಮ್ ಆದರೆ ಚಳಿ ತಡೆಯುತ್ತದೆ, ಮೊಗ್ಗು ಉಬ್ಬುವ ಹೊತ್ತಿಗೆ ಕುಂಡ ಬದಲಿಸಬೇಕು. ಫೈಕಸ್, ಅಂದರೆ ಆಲ, ಅರಳಿಯ ಗುಂಪಿನದ್ದಾದರೆ ಉಲ್ಟಾ, ಬಿಸಿಲು ಏರಿ ಬೆಳವಣಿಗೆ ಜೋರಾಗಿರುವಾಗಲೇ ಬೇರಿಗೆ ಕೈ ಹಾಕಬೇಕು. ಪೈನ್‌ನ ಕೊಂಬೆಯಲ್ಲಿ ಒಂದೂ ಸೂಜಿ ಉಳಿಸದೆ ಕತ್ತರಿಸಿದರೆ ಆ ಕೊಂಬೆ ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಹಾಗಾಗಿ ಹೆಸರು ಸಿಗುವವರೆಗೆ ಬೇರು ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದೆ.

ಮೊದಲ ಸುತ್ತು: ಅಲ್ಲದ್ದನ್ನು ತೆಗೆಯುವುದು

ಗಿಡ ಗುರುತಿಸಲು ಹೂವಿಗಿಂತ ದೊಡ್ಡ ಸಾಕ್ಷಿ ಇಲ್ಲ. ಹೂವಿಲ್ಲದಿದ್ದರೆ ಎಲೆಯ ಜೋಡಣೆಯಿಂದ ಶುರು ಮಾಡಬೇಕು. ಎಲೆಯ ಆಕಾರದಿಂದಲ್ಲ, ಜೋಡಣೆಯಿಂದ. ಆಕಾರ ಬದಲಾಗುತ್ತಲೇ ಇರುತ್ತದೆ, ಜೋಡಣೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಇಲ್ಲಿ ಒಂದು ಗಿಣ್ಣಿಗೆ ಒಂದೇ ಎಲೆ. ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಎರಡು ಸಾಲು. ಎದುರುಬದುರು ಎಲೆ ಬಿಡುವ ಪ್ರಿವೆಟ್, ಸೆರಿಸ್ಸಾ, ಮೇಪಲ್, ರೈಟಿಯಾ ಎಲ್ಲವೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ.

ಎರಡನೇ ಪ್ರಶ್ನೆ, ಇದು ಒಂಟಿ ಎಲೆಯೋ ಅಥವಾ ಸಂಯುಕ್ತ ಎಲೆಯ ಒಂದು ಚೂರೋ? ಉತ್ತರ ತೊಟ್ಟಿನ ಕಂಕುಳಲ್ಲಿದೆ. ಎಲೆ ಆದರೆ ತೊಟ್ಟು ಕೊಂಬೆಗೆ ಸೇರುವ ಮೂಲೆಯಲ್ಲಿ ಮೊಗ್ಗು ಇರುತ್ತದೆ. ಕಿರುಎಲೆ ಆದರೆ ಇರುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಪ್ರತಿ ತೊಟ್ಟಿನ ಬುಡದಲ್ಲೂ ಮೊಗ್ಗು ಕಂಡಿತು. ಒಂಟಿ ಎಲೆ ಅಂತ ಖಾತ್ರಿಯಾಯಿತು. ಮುರ್ರಾಯ, ಹುಣಸೆ ಇವೆಲ್ಲ ಹೋದವು. ಮುರ್ರಾಯ ಹೇಗೂ ಅಲ್ಲ ಬಿಡಿ. ಅದರ ಎಲೆಯನ್ನು ಬೆಳಕಿಗೆ ಹಿಡಿದರೆ ನಿಂಬೆ ಎಲೆಯಲ್ಲಿರುವಂಥ ಎಣ್ಣೆ ಚುಕ್ಕೆಗಳು ಕಾಣುತ್ತವೆ, ಉಜ್ಜಿದರೆ ವಾಸನೆ ಬರುತ್ತದೆ. ಇದಕ್ಕೆ ಎರಡೂ ಇಲ್ಲ.

ಒರಟು ಎಲೆ ಅಂದ ಕೂಡಲೇ ಬೋನ್ಸಾಯ್ ಮಂದಿಗೆ ನೆನಪಾಗುವುದು ಫುಕಿಯನ್ ಟೀ, ಅಂದರೆ ಕಾರ್ಮೋನಾ. ಅದರ ಎಲೆ ಗಿಡ್ಡ ರೆಂಬೆಗಳ ಮೇಲೆ ಗೊಂಚಲಾಗಿ ಕೂರುತ್ತದೆ. ಹಲ್ಲುಗಳು ಎಲೆಯ ತುದಿಯಲ್ಲಿ ಮಾತ್ರ. ಮೇಲ್ಭಾಗದಲ್ಲಿ ಬಿಳಿ ಚುಕ್ಕೆಗಳಿರುತ್ತವೆ, ಜೊತೆಗೆ ಒಳ್ಳೆ ಹೊಳಪು. ಈ ಮರಕ್ಕೆ ಗೊಂಚಲೂ ಇಲ್ಲ, ಚುಕ್ಕೆಯೂ ಇಲ್ಲ.

ಎಲ್ಮ್ ಅನ್ನುವ ಅನುಮಾನ

ಫೋಟೋ ನೋಡಿ ಗಿಡ ಹೇಳುವ ಮೊಬೈಲ್ ಆಪ್‌ಗೆ ತೋರಿಸಿದೆ. ಚೈನೀಸ್ ಎಲ್ಮ್ ಅಂದಿತು. ಬೆಳಕು ಬದಲಿಸಿ ತೋರಿಸಿದರೆ ಎಲ್ಮ್‌ನ ನೆಂಟ ಝೆಲ್ಕೋವಾ ಅಂದಿತು. ಇನ್ನೊಂದು ಕೊಂಬೆ ತೋರಿಸಿದರೆ ಫೈಕಸ್ ಅಂತ ಬಂತು. ಆಪ್ ಅನ್ನು ಬೈಯುವುದು ಸುಲಭ. ಆದರೆ ಅದಕ್ಕೆ ಕಾಣುವುದು ಫೋಟೋ ಮಾತ್ರ, ಎಲೆಯನ್ನು ಮುಟ್ಟಲಾಗುವುದಿಲ್ಲ, ತೊಟ್ಟು ಮುರಿಯಲಾಗುವುದಿಲ್ಲ. ಅದು ಕೊಟ್ಟ ಮೂರು ಹೆಸರೂ ಒಳ್ಳೆಯ ಸುಳಿವೇ. ಎಲ್ಮ್, ಹಿಪ್ಪುನೇರಳೆ, ಫೈಕಸ್, ತುರಿಕೆ ಗಿಡ ಎಲ್ಲವನ್ನೂ ಸಸ್ಯವಿಜ್ಞಾನಿಗಳು ಇವತ್ತು ರೋಸೇಲ್ಸ್ ಅನ್ನುವ ಒಂದೇ ಗಣದಲ್ಲಿ ಇಡುತ್ತಾರೆ. ನೆಂಟಸ್ತಿಕೆ ಇರುವುದರಿಂದ ಚಹರೆಯೂ ಹೋಲುತ್ತದೆ.

ಎಲ್ಮ್ ಹೌದೋ ಅಲ್ಲವೋ ಅನ್ನುವುದಕ್ಕೆ ಎಲೆಯ ಬುಡ ನೋಡಬೇಕು. ಎಲ್ಮ್ ಎಲೆಯ ಬುಡ ಸಾಮಾನ್ಯವಾಗಿ ಓರೆ. ನಡುನರದ ಒಂದು ಬದಿ ಇನ್ನೊಂದಕ್ಕಿಂತ ಕೆಳಗೆ ಇಳಿದಿರುತ್ತದೆ. ಇದರ ಬುಡ ಎರಡೂ ಕಡೆ ಸಮ, ತೊಟ್ಟಿನ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ. ತೊಟ್ಟು ಎಷ್ಟು ಗಿಡ್ಡ ಅಂದರೆ, ಎಲೆ ನೇರ ಕೊಂಬೆಗೇ ಅಂಟಿದ ಹಾಗೆ ಕಾಣುತ್ತದೆ. ಇನ್ನು ನರಗಳು. ಚೈನೀಸ್ ಎಲ್ಮ್‌ನಲ್ಲಿ ಅಡ್ಡ ನರಗಳು ಒತ್ತೊತ್ತಾಗಿ, ಹತ್ತು ಜೊತೆಗೂ ಜಾಸ್ತಿ ಇದ್ದು, ನೇರ ಅಂಚಿನ ಹಲ್ಲಿನತ್ತ ಓಡುತ್ತವೆ. ಇಲ್ಲಿ ಐದಾರು ಜೊತೆ ಅಷ್ಟೇ, ಅವೂ ಅಂಚಿಗೆ ಬರುವ ಮೊದಲೇ ಬಾಗುತ್ತವೆ. ಹಲ್ಲುಗಳು ಅಂಕುಡೊಂಕು, ಹೆಚ್ಚಾಗಿ ಎಲೆಯ ಮೇಲಿನ ಅರ್ಧದಲ್ಲಿ.

ಎಲ್ಮ್ ಅಲ್ಲ ಅಂತ ಮನಸ್ಸಿಗೆ ಬಂತು. ಆದರೂ ಪಕ್ಕಾ ಅನ್ನಲು ಧೈರ್ಯ ಬರಲಿಲ್ಲ. ಬೋನ್ಸಾಯ್ ಎಲೆ ಅಲ್ವಾ, ಅದನ್ನು ಎಷ್ಟು ನಂಬಬಹುದು?

ಹಾಲು

ಹಳೆಯ ರೆಂಬೆಯನ್ನು ಚಿವುಟಿದಾಗ ಏನೂ ಬಂದಿರಲಿಲ್ಲ. ಅದರಿಂದ ಹಾಲಿಲ್ಲದ ಗಿಡ ಅಂತ ಬರೆದುಕೊಳ್ಳುವುದು ಸರಿಯಲ್ಲ. ಗಿಡ ಬಾಯಾರಿದ್ದರೆ, ರೆಂಬೆ ಬಲಿತಿದ್ದರೆ ಹಾಲು ಕಾಣದೇ ಇರಬಹುದು. ಹಿಂದಿನ ದಿನ ಚೆನ್ನಾಗಿ ನೀರುಣಿಸಿ, ಬೆಳಿಗ್ಗೆ ಎಳೆಯ ಚಿಗುರಿನ ತೊಟ್ಟು ಮುರಿದೆ. ಬೆಳ್ಳಗೆ ಹಾಲು ಒಸರಿತು.

ಇಲ್ಲೊಂದು ಎಚ್ಚರಿಕೆ. ಗೊತ್ತಿಲ್ಲದ ಗಿಡದ ಹಾಲನ್ನು ಬರಿಗೈಲಿ ಮುಟ್ಟಬೇಡಿ, ನಾಲಿಗೆಗಂತೂ ಇಡಲೇಬೇಡಿ. ಎಕ್ಸೋಕೇರಿಯಾದಂಥ ಕೆಲವು ಗಿಡಗಳ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು ಹಾಕಿ, ಕತ್ತರಿಯನ್ನು ಒರೆಸಿಡಿ.

ಈ ಒಂದು ಹನಿ ಆಟವನ್ನೇ ಬದಲಿಸಿತು. ಎಲ್ಮ್‌ಗೆ ಹಾಲಿಲ್ಲ. ಝೆಲ್ಕೋವಾಕ್ಕಿಲ್ಲ, ಕಾರ್ಮೋನಾಕ್ಕೂ ಇಲ್ಲ. ಹಾಲು, ಒಂದೊಂದೇ ಎಲೆ, ಒರಟು ಮೈ, ಹಲ್ಲಿನ ಅಂಚು. ಇವೆಲ್ಲ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದ್ದು ಮೋರೇಸಿ ಕುಟುಂಬ. ಹಿಪ್ಪುನೇರಳೆ, ಹಲಸು, ಅತ್ತಿ, ಆಲ, ಅರಳಿ ಎಲ್ಲ ಇದರದ್ದೇ. ಸಪೋಟದ ಕುಟುಂಬದಲ್ಲೂ ಹಾಲಿದೆ, ಒಂದೊಂದೇ ಎಲೆಯೂ ಇದೆ. ಆದರೆ ಅಲ್ಲಿ ಎಲೆಯ ಅಂಚು ಸಾಮಾನ್ಯವಾಗಿ ನುಣುಪು.

ಹಾಗಾದರೆ ಫೈಕಸ್ಸೇ? ಒರಟು ಎಲೆಯ ಫೈಕಸ್‌ಗಳೂ ಇವೆ. ಇದನ್ನು ತೀರ್ಮಾನಿಸಲು ಚಿಗುರಿನ ತುದಿ ಸಾಕು. ಫೈಕಸ್‌ನಲ್ಲಿ ಹೊಸ ಎಲೆಯನ್ನು ಸ್ಟಿಪ್ಯೂಲ್ ಅನ್ನುವ ಪೊರೆ ಪೂರ್ತಿ ಸುತ್ತಿಕೊಂಡಿರುತ್ತದೆ. ಎಲೆ ಬಿಚ್ಚಿದಾಗ ಅದು ಉದುರಿ, ಗಿಣ್ಣಿನ ಸುತ್ತ ಉಂಗುರದಂಥ ಗುರುತು ಉಳಿಯುತ್ತದೆ. ಆಲದ ಕೊಂಬೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತಿರುತ್ತದೆ. ನನ್ನ ಮರದಲ್ಲಿ ತೊಟ್ಟಿನ ಎರಡು ಬದಿಗೆ ಪುಟ್ಟ ಚೂಪಾದ ಸ್ಟಿಪ್ಯೂಲ್‌ಗಳಿವೆ, ಬೇಗ ಉದುರುತ್ತವೆ, ಉಂಗುರ ಮಾತ್ರ ಎಲ್ಲೂ ಇಲ್ಲ. ಫೈಕಸ್ ಹೋಯಿತು. ಹಿಪ್ಪುನೇರಳೆಯ ಎಲೆಯಲ್ಲಿ ಬುಡದಿಂದಲೇ ಮೂರು ದಪ್ಪ ನರ ಹೊರಡುತ್ತವೆ. ಇದರಲ್ಲಿ ಒಂದೇ ನಡುನರ. ಅದೂ ಹೋಯಿತು.

ಈ ಕುಟುಂಬದಲ್ಲಿ ಉಳಿದದ್ದರಲ್ಲಿ ಎದ್ದು ಕಂಡ ಹೆಸರು ಸ್ಟ್ರೆಬ್ಲಸ್.

ಒಂದು ಕೊಂಬೆಗೆ ಕತ್ತರಿ ರಜೆ

ಈ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಈ ಹಂತ. ಪುಸ್ತಕಗಳು ಎಲೆಯ ಉದ್ದಗಲ ಬರೆಯುವುದು ಕಾಡಿನಲ್ಲಿ ತನ್ನಿಷ್ಟದಂತೆ ಬೆಳೆದ ಮರ ನೋಡಿ. ಬೋನ್ಸಾಯ್ ಮರ ಹಾಗೆ ಬೆಳೆದದ್ದಲ್ಲ. ಪದೇ ಪದೇ ಚಿವುಟಿದ್ದರಿಂದ ಎಲೆ ಸಣ್ಣದಾಗಿರುತ್ತದೆ. ಬೇರಿಗೆ ಜಾಗ ಕಡಿಮೆ. ಹೂ ಬರಬೇಕಾದ ರೆಂಬೆಯನ್ನು ಅದು ಬಲಿಯುವ ಮೊದಲೇ ನಾವು ಕತ್ತರಿಸಿರುತ್ತೇವೆ. ಅಂದರೆ ಗುರುತು ಹಿಡಿಯಲು ಬೇಕಾದ ಸಾಕ್ಷಿಯನ್ನೆಲ್ಲ ಅಳಿಸುವುದೇ ನಮ್ಮ ಹವ್ಯಾಸ! ಹೆಸರು ಗೊತ್ತಿಲ್ಲದ ಬೋನ್ಸಾಯ್ ಸಿಕ್ಕರೆ ಎಲೆಯ ಫೋಟೋ ತೆಗೆದು ಜನರನ್ನು ಕೇಳುವ ಮೊದಲು, ಒಂದು ಕೊಂಬೆಯನ್ನು ಅದರ ಪಾಡಿಗೆ ಬಿಟ್ಟುಬಿಡಿ ಅನ್ನುತ್ತೇನೆ ನಾನು. ಕಾಂಡ ದಪ್ಪ ಮಾಡಲು ಕೊಂಬೆಯನ್ನು ಓಡಲು ಬಿಡುತ್ತೇವಲ್ಲ, ಹಾಗೆಯೇ.

ಬಿಡುವ ಕೊಂಬೆಯನ್ನು ಆರಿಸುವಾಗ ತುದಿಯದ್ದು ಬೇಡ. ತುದಿ ಓಡಿದರೆ ಕೆಳಗಿನವು ಸೊರಗುತ್ತವೆ, ಆಮೇಲೆ ಆ ಭಾಗ ವಿಪರೀತ ದಪ್ಪವಾಗಿ ಆಕಾರ ಕೆಡುತ್ತದೆ. ಹಿಂಬದಿಯಲ್ಲಿದ್ದ, ಹೇಗೂ ಮುಂದೆ ತೆಗೆಯಬೇಕಿದ್ದ ಕೆಳಗಿನ ಕೊಂಬೆಯನ್ನು ಬಿಟ್ಟೆ. ಬಿಸಿಲು ಚೆನ್ನಾಗಿ ಬೀಳುವ ಹಾಗೆ ಕುಂಡ ತಿರುಗಿಸಿದೆ, ಗೊಬ್ಬರ ಸ್ವಲ್ಪ ಹೆಚ್ಚಿಸಿದೆ.

ಆ ಕೊಂಬೆಯ ಎಲೆ ನೋಡಿದರೆ ಬೇರೆ ಮರವೇ ಅನ್ನಿಸುವಷ್ಟು ವ್ಯತ್ಯಾಸ. ಉಳಿದ ಮರದಲ್ಲಿ ಎಲೆ ಉಗುರಿನಷ್ಟು. ಇಲ್ಲಿ ಬೆರಳುದ್ದದ ಹತ್ತಿರ. ನಡುವೆ ಅಗಲ, ಎರಡೂ ತುದಿಗೆ ಕಿರಿದು, ಒಂಥರಾ ವಜ್ರಾಕಾರ. ಒರಟುತನ ಮಾತ್ರ ಹಾಗೆಯೇ ಇದೆ, ಇನ್ನೂ ಜಾಸ್ತಿಯೇ ಅನ್ನಿ. ಒಂದು ಎಲೆ ಕಿತ್ತು ಒಣ ಮರದ ತುಂಡಿನ ಮೇಲೆ ಉಜ್ಜಿ ನೋಡಿದೆ. ಸಣ್ಣ ಗೀರುಗಳೆಲ್ಲ ನಯವಾದವು. ಸ್ಟ್ರೆಬ್ಲಸ್ ಎಲೆಯನ್ನು ಮರ, ದಂತ ಉಜ್ಜಿ ಹೊಳಪು ಕೊಡಲು ಬಳಸುತ್ತಿದ್ದರು ಅಂತ ಓದಿದ್ದು ಸುಳ್ಳಲ್ಲ.

ಮುಳ್ಳು ಇದೆಯಾ ಅಂತಲೂ ಹುಡುಕಿದೆ. ಸ್ಟ್ರೆಬ್ಲಸ್‌ನ ಹತ್ತಿರದ ನೆಂಟರಲ್ಲಿ ಮುಳ್ಳಿನ ಪೊದೆಗಳಿವೆ. ಅವುಗಳನ್ನೂ ಹಿಂದೆ ಇದೇ ಹೆಸರಿನ ಕೆಳಗೆ ಸೇರಿಸುತ್ತಿದ್ದರು. ಬಿಟ್ಟ ಕೊಂಬೆಯ ಉದ್ದಕ್ಕೂ ಒಂದು ಮುಳ್ಳೂ ಸಿಗಲಿಲ್ಲ.

ಹೂ ಬಂತು

ಬಿಟ್ಟ ಕೊಂಬೆಯ ಎಲೆ ಕಂಕುಳಲ್ಲಿ ಹಸಿರು ಮಿಶ್ರಿತ ಬಿಳಿಯ ಪುಟ್ಟ ಗುಂಡುಗಳು ಕಂಡವು. ಒಂದೊಂದು ಗುಂಡೂ ಒಂದು ಹೂವಲ್ಲ, ಹಲವು ಹೂಗಳ ಒತ್ತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಒಂದು ಹೂವಿಗೆ ನಾಲ್ಕು ದಳದಂಥವು, ನಾಲ್ಕು ಕೇಸರ ಕಂಡವು. ಮೊಗ್ಗಿನೊಳಗೆ ಕೇಸರಗಳು ಒಳಕ್ಕೆ ಮಡಚಿಕೊಂಡಿರುತ್ತವೆ. ಅರಳುವಾಗ ಪಟಕ್ಕನೆ ಹೊರಕ್ಕೆ ಚಿಮ್ಮಿ ಪರಾಗ ಎರಚುತ್ತವೆ. ಹಿಪ್ಪುನೇರಳೆಯ ಗಂಡು ಹೂವೂ ಹೀಗೆಯೇ. ಸೂಜಿಯ ಮೊನೆಯಿಂದ ಒಂದು ಮೊಗ್ಗನ್ನು ಮೆಲ್ಲಗೆ ಕೆದಕಿದಾಗ ಚಿಮ್ಮಿದ್ದನ್ನು ಕಣ್ಣಾರೆ ನೋಡಿದೆ. ಇಡೀ ಯೋಜನೆಯಲ್ಲಿ ಅತಿ ಖುಷಿ ಕೊಟ್ಟ ಗಳಿಗೆ ಇದು.

ಎಲ್ಲವೂ ಗಂಡು ಹೂಗಳೇ. ಸ್ಟ್ರೆಬ್ಲಸ್ ಆಸ್ಪರ್‌ನಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಹೂ ಗುಂಡಾಗಿ ಗುಂಪುಗೂಡುವುದಿಲ್ಲ, ಒಂಟಿಯಾಗಿ ತೊಟ್ಟಿನ ಮೇಲೆ ನಿಲ್ಲುತ್ತದೆ, ಆಮೇಲೆ ಹಳದಿ ಬಣ್ಣದ ಸಣ್ಣ ಹಣ್ಣಾಗುತ್ತದೆ. ನನ್ನ ಮರದಲ್ಲಿ ಹಣ್ಣು ನೋಡುವ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಹೂವಿನ ಫೋಟೋ, ಬಿಟ್ಟ ಕೊಂಬೆಯ ಎಲೆ, ಸ್ಟಿಪ್ಯೂಲ್ ಎಲ್ಲವನ್ನೂ ಹರ್ಬೇರಿಯಮ್‌ಗಳ ಒಣ ಮಾದರಿಗಳ ಚಿತ್ರಗಳ ಪಕ್ಕ ಇಟ್ಟು ಹೋಲಿಸಿದೆ. ತಾಳೆಯಾಯಿತು. ಸ್ಟ್ರೆಬ್ಲಸ್ ಆಸ್ಪರ್. ಕನ್ನಡದಲ್ಲಿ ಮಿಟ್ಲಿ ಮರ ಅನ್ನುತ್ತಾರೆ. ಪೋರ್ಚುಗೀಸ್ ಸಸ್ಯವಿಜ್ಞಾನಿ ಲೌರೇರೊ 1790ರಲ್ಲಿ ಸ್ಟ್ರೆಬ್ಲಸ್ ಆಸ್ಪರ್ ಅನ್ನುವ ಹೆಸರು ಕೊಟ್ಟ. ಹಳೆಯ ಪುಸ್ತಕಗಳಲ್ಲಿ ಟ್ರೋಫಿಸ್ ಆಸ್ಪೆರಾ ಅಂತ ಸಿಕ್ಕಿದರೆ ಗಾಬರಿ ಬೇಡ, ಅದೂ ಇದೇ. ಭಾರತದಿಂದ ದಕ್ಷಿಣ ಚೀನಾ, ಆಗ್ನೇಯ ಏಷ್ಯಾದವರೆಗೆ ತಾನಾಗಿಯೇ ಬೆಳೆಯುವ ಮರ. ಥಾಯ್ಲೆಂಡ್‌ನಲ್ಲಿ ಇದರ ತೊಗಟೆಯಿಂದ ಹಿಂದೆ ಕಾಗದ ಮಾಡಿ, ಮಡಚುವ ಹಸ್ತಪ್ರತಿಗಳನ್ನು ಬರೆಯುತ್ತಿದ್ದರು. ಅಲ್ಲಿ ಮರಗಳನ್ನು ಕತ್ತರಿಸಿ ಆಕಾರ ಕೊಡುವ ಹಳೆಯ ಕಲೆಗೂ ಇದು ಮೆಚ್ಚಿನ ಮರ. ಅಂದರೆ ಕತ್ತರಿಗೆ ಒಗ್ಗುವ ಮರ ಅಂತಾಯಿತು.

ಈಗಿನ ಕೆಲಸ

ಹೆಸರು ಸಿಕ್ಕಿದ್ದರಿಂದ ಬದಲಾದದ್ದು ಏನು? ಮೊದಲನೆಯದು, ಚಳಿಯಲ್ಲಿ ಹೊರಗೆ ಬಿಡುವ ಯೋಚನೆ ಕೈಬಿಟ್ಟೆ. ಇದು ಬೆಚ್ಚನೆಯ ನಾಡಿನ ಮರ. ಎರಡನೆಯದು, ಕುಂಡ ಬದಲಿಸುವುದು ಬಿಸಿ ಏರಿ ಚಿಗುರು ಓಡಲು ಶುರುವಾದ ಮೇಲೆ. ಮಣ್ಣು ನೀರು ಬಸಿಯುವಂತಿರಬೇಕು, ಬೇರು ಒಂದೇ ಸಲಕ್ಕೆ ವಿಪರೀತ ತೆಗೆಯುವುದಿಲ್ಲ, ಸುಮಾರು ಮೂರರಲ್ಲಿ ಒಂದು ಪಾಲು ಅಂತ ಅಂದುಕೊಂಡಿದ್ದೇನೆ. ಹಳೆಯ ಕಾಂಡದ ಮೇಲೂ ಚಿಗುರು ಒಡೆಯುವ ಗುಣ ಇದಕ್ಕಿದೆ. ಹಾಗಾಗಿ ಎಡಗಡೆಯ ಉದ್ದನೆಯ ಬೋಳು ಕೊಂಬೆಯನ್ನು ಗಿಡ್ಡವಾಗಿ ಕತ್ತರಿಸಲು ಈಗ ಹೆದರಿಕೆ ಇಲ್ಲ. ತಂತಿ ಎಳೆಯ ರೆಂಬೆಗಳಿಗೆ ಮಾತ್ರ, ಬಲಿತವು ಬಗ್ಗುವ ಬದಲು ಸೀಳುತ್ತವೆ.

ಬಿಟ್ಟ ಕೊಂಬೆಯ ಕತೆ ಇನ್ನೂ ಬಾಕಿ. ಕುಂಡ ಬದಲಿಸುವ ಹೊತ್ತಿಗೇ ಅದನ್ನೂ ಕತ್ತರಿಸಿದರೆ ಮರಕ್ಕೆ ಎರಡು ಕಡೆಯಿಂದ ಏಟು. ಮೊದಲು ಬೇರು, ಅದು ಚೇತರಿಸಿ ಹೊಸ ಚಿಗುರು ಬಂದ ಮೇಲೆ ಕೊಂಬೆ. ಕತ್ತರಿಸಿದ ಕೊಂಬೆಯಿಂದ ಕೆಲವು ಕಡ್ಡಿಗಳನ್ನು ಬೇರು ಬರಿಸಲು ಮರಳಿನಲ್ಲಿ ನೆಡುತ್ತೇನೆ. ಅವುಗಳಲ್ಲಿ ಒಂದನ್ನು ದೊಡ್ಡ ಕುಂಡದಲ್ಲಿ ಕತ್ತರಿ ತಾಗಿಸದೆ ಬೆಳೆಸುವ ಯೋಚನೆ. ಇನ್ನೊಂದು ಒರಟು ಎಲೆಯ ಗಿಡ ಸಿಕ್ಕಾಗ ಪಕ್ಕದಲ್ಲಿಟ್ಟು ಹೋಲಿಸಲು ಬರುತ್ತದೆ.