ನೀಲಿ ಟೈಲ್ಸಿನ ಅಡುಗೆಮನೆಗೆ ಬಣ್ಣ ಹುಡುಕಿದ ಮೂರು ತಿಂಗಳು

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯನ್ನು ಮಾವನವರು 1996ರಲ್ಲಿ ಕಟ್ಟಿಸಿದರು. ಹತ್ತಿ ಗಿರಣಿಯ ನೌಕರಿ ಬಿಟ್ಟಾಗ ಬಂದ ಹಣದಲ್ಲಿ ಎದ್ದ ಮನೆಯಾದ್ದರಿಂದ ಇಟ್ಟಿಗೆಯಿಂದ ಬಾಗಿಲಿನ ಚಿಲಕದವರೆಗೆ ಕೈ ಬಿಗಿಹಿಡಿದೇ ಖರ್ಚು ಮಾಡಿದ್ದ ಅವರು, ಅಡುಗೆಮನೆಯ ಟೈಲ್ಸ್ ವಿಷಯದಲ್ಲಿ ಮಾತ್ರ ಅತ್ತೆಯವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವರು ಬೊಟ್ಟು ಮಾಡಿ ತೋರಿಸಿದ್ದನ್ನೇ ತಂದು ಹಾಕಿಸಿದರಂತೆ. ಅತ್ತೆಯವರು ತೋರಿಸಿದ್ದು ಕಡುನೀಲಿ ಬಣ್ಣದ, ಹೊಳಪಿನ ಮೈಯ ಟೈಲ್ಸನ್ನು. ಮಾವನವರು ಈಗಿಲ್ಲ. ಕಳೆದ ವರ್ಷ ಅಡುಗೆಮನೆಯ ಮರದ ಕಪಾಟುಗಳಿಗೆ ಗೆದ್ದಲು ಹಿಡಿದು ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿಸಬೇಕಾಗಿ ಬಂದಾಗ, ಬಂದವರೆಲ್ಲರೂ ಈ ಹಳೆಯ ಟೈಲ್ಸನ್ನೂ ಒಡೆಸಿಬಿಡಿ, ಈಗ ಎಷ್ಟೊಂದು ಬಗೆಯವು ಸಿಗುತ್ತವೆ ಎಂದು ಹೇಳಿದರು. ಒಂದೂ ಬಿರುಕು ಬಿಡದ, ಒಂದು ಮೂಲೆಯೂ ಚಕ್ಕೆ ಏಳದ ಆ ಟೈಲ್ಸನ್ನು ಒಡೆಸಲು ನನಗೆ ಮನಸ್ಸು ಬರಲಿಲ್ಲ. ಅತ್ತೆಯವರ ಮುಂದೆ ಆ ಮಾತನ್ನು ಎತ್ತಲೂ ಇಲ್ಲ. ಹೀಗಾಗಿ ನೀಲಿಯನ್ನು ಉಳಿಸಿಕೊಂಡು, ಅದಕ್ಕೆ ಹೊಂದುವ ಬಣ್ಣಗಳನ್ನು ಸುತ್ತಲೂ ಕೂಡಿಸುವುದು ನನ್ನ ಪಾಲಿನ ಕೆಲಸವಾಯಿತು. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ನನಗೆ ಇದು ಎರಡು ದಿನದ ಕೆಲಸವೆಂದು ಮೊದಲು ತೋರಿತ್ತು. ಕಡೆಗೆ ಅದಕ್ಕೆ ಮೂರು ತಿಂಗಳು ಹಿಡಿಯಿತು.

ನಮ್ಮ ಅಡುಗೆಮನೆ ಮನೆಯ ಆಗ್ನೇಯ ಮೂಲೆಯಲ್ಲಿದೆ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಪೂರ್ವಕ್ಕೆ ಒಂದೇ ಒಂದು ಕಿಟಕಿ. ಬೆಳಗ್ಗೆ ಒಂಬತ್ತರವರೆಗೆ ಎಳೆಬಿಸಿಲು ನೇರವಾಗಿ ಒಳಗೆ ಬೀಳುತ್ತದೆ, ಆಮೇಲೆ ಇಡೀ ದಿನ ಪಕ್ಕದ ಮನೆಯ ಗೋಡೆಗೆ ತಾಗಿ ಬರುವ ಬೆಳಕು ಮಾತ್ರ. ಅಡುಗೆ ಕಟ್ಟೆಯಿಂದ ಮೇಲಕ್ಕೆ ನಾಲ್ಕು ಅಡಿ ಎತ್ತರದವರೆಗೆ, ಮೂರು ಗೋಡೆಗಳಿಗೆ ಈ ನೀಲಿ ಇದೆ. ಇಷ್ಟು ವಿವರವನ್ನು ಹೇಳುವುದಕ್ಕೆ ಕಾರಣವಿದೆ: ನೀಲಿಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ನೀಲಿ ಎಷ್ಟು ಜಾಗ ಹಿಡಿದಿದೆ, ಅದರ ಮೇಲೆ ಯಾವ ಹೊತ್ತಿನಲ್ಲಿ ಯಾವ ಬೆಳಕು ಬೀಳುತ್ತದೆ ಎಂಬುದರಲ್ಲೇ ಅಡಗಿದೆ ಎಂಬುದನ್ನು ನಾನು ತಡವಾಗಿ ತಿಳಿದೆ.

ಬಣ್ಣ ಹಚ್ಚುವವರು ಮೊದಲು ಹೇಳಿದ್ದು ಬಿಳಿ. ನೀಲಿಗೆ ಬಿಳಿ ಎಂದೂ ಕೈಕೊಡುವುದಿಲ್ಲ ಎಂದು ನಾನೂ ನಂಬಿದ್ದೆ. ಒಂದು ಗೋಡೆಗೆ ಅಚ್ಚ ಬಿಳಿಯನ್ನು ಎರಡು ಕೋಟು ಹಚ್ಚಿಸಿದೆವು. ಬೆಳಗಿನ ಬಿಸಿಲಿನಲ್ಲಿ ಅದು ಬಹಳ ಚೆನ್ನಾಗಿಯೇ ಕಂಡಿತು. ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಗೋಡೆ ಬಿಳಿಯಾಗಿ ಉಳಿಯದೆ, ಹಾಲಿಗೆ ನೀರು ಬೆರೆಸಿದಾಗ ಬರುವ ತೆಳುನೀಲಿ ಛಾಯೆಗೆ ತಿರುಗಿತ್ತು. ಹೊಳಪಿನ ಟೈಲ್ಸಿಗೆ ತಾಗಿದ ಬೆಳಕು ತನ್ನೊಂದಿಗೆ ನೀಲಿಯನ್ನು ಹೊತ್ತುಕೊಂಡು ಎದುರಿನ ಗೋಡೆಗೆ ಬೀಳುತ್ತದೆ, ಬಿಳಿ ಗೋಡೆ ಅದನ್ನು ಹಾಗೆಯೇ ಹಿಂದಿರುಗಿಸುತ್ತದೆ. ಇಕ್ಕಟ್ಟಾದ ಅಡುಗೆಮನೆಯಲ್ಲಿ ಹೀಗೆ ನೀಲಿ ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಇರುತ್ತದೆ. ಅತ್ತೆಯವರು ಬಾಗಿಲಲ್ಲಿ ನಿಂತು ನೋಡಿ, "ದವಾಖಾನಿ ಕಂಡಂಗ್ ಕಾಣ್ತೈತಿ ನೋಡವ್ವಾ" ಎಂದರು. ಅವರ ಮಾತು ಸರಿಯಾಗಿತ್ತು.

ಕಪ್ಪು ಗ್ರಾನೈಟಿನ ಕಟ್ಟೆ ಹಾಕಿಸಬೇಕೆಂಬ ನನ್ನ ಇನ್ನೊಂದು ಎಣಿಕೆಯೂ ತಪ್ಪಾಗಿತ್ತು. ತುಂಡೊಂದನ್ನು ತಂದು ಟೈಲ್ಸಿಗೆ ಒರಗಿಸಿ ಇಟ್ಟಾಗ, ಅಂಗಡಿಯಲ್ಲಿ ಕಾಡಿಗೆಯಂತೆ ಕಂಡಿದ್ದ ಕಲ್ಲು ಇಲ್ಲಿ ಮಾಸಿದ ಹಾಗೆ, ಸ್ವಲ್ಪ ಕಂದು ಹಿಡಿದ ಹಾಗೆ ಕಂಡಿತು. ಇದಕ್ಕೆ ಕಾರಣವನ್ನು ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರೆಲ್ ಕಂಡುಕೊಂಡಿದ್ದರು. ಪ್ಯಾರಿಸ್ಸಿನ ಗೊಬ್ಲೆಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಹೊಣೆ ಅವರದಾಗಿತ್ತು. ಅಲ್ಲಿನ ಕಪ್ಪು ನೂಲಿಗೆ ಗಾಢತೆ ಸಾಲದೆಂಬ ದೂರು ಬಂದಾಗ, ನೂಲನ್ನು ಬೇರೆ ಕಡೆಯ ಕಪ್ಪು ನೂಲುಗಳೊಂದಿಗೆ ಹೋಲಿಸಿ ನೋಡಿ, ದೋಷ ಬಣ್ಣದಲ್ಲಿಲ್ಲ, ಅದರ ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆ ನೂಲುಗಳಲ್ಲಿದೆ ಎಂದು ಅವರು ಕಂಡುಕೊಂಡರು. ಒಂದು ಬಣ್ಣವನ್ನು ದಿಟ್ಟಿಸುವ ಕಣ್ಣು ಅದರ ಪಕ್ಕದ ಬಣ್ಣಕ್ಕೆ ಅದರ ವಿರುದ್ಧ ಬಣ್ಣದ ಛಾಯೆಯನ್ನು ತಾನಾಗಿಯೇ ಬೆರೆಸಿಬಿಡುತ್ತದೆ. ನೀಲಿಯ ವಿರುದ್ಧ ಬಣ್ಣ ಕಿತ್ತಳೆ. ಆದ್ದರಿಂದ ನೀಲಿಯ ಮಗ್ಗುಲಲ್ಲಿ ಕಪ್ಪಿಗೆ ಕಂದು ಹಿಡಿದಂತೆ ಕಾಣುತ್ತದೆ. ಶೆವ್ರೆಲ್ ಇದನ್ನೆಲ್ಲ 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಗಿರಣಿಯಲ್ಲಿ ನೂಲಿನ ನಡುವೆಯೇ ಬದುಕು ಸವೆಸಿದ ಮಾವನವರಿಗೆ ಈ ಸಂಗತಿಯನ್ನು ಹೇಳಬೇಕಿತ್ತು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಇಲ್ಲಿಂದ ಮುಂದೆ ನಾನು ಕ್ರಮವಾಗಿ ನಡೆದೆ. ನೀಲಿ ಎಂದರೆ ಒಂದೇ ನೀಲಿಯಲ್ಲ. ಒಂದು ಬಿಳಿಯ ಕಾಗದವನ್ನು ಟೈಲ್ಸಿನ ಮೇಲೆ ಒತ್ತಿ ಹಿಡಿದು, ಹಗಲು ಬೆಳಕಿನಲ್ಲಿ ಅಂಚನ್ನು ನೋಡಿದರೆ ಆ ನೀಲಿ ಯಾವ ಕಡೆಗೆ ವಾಲಿದೆ ಎಂಬುದು ಗೊತ್ತಾಗುತ್ತದೆ. ನವಿಲಿನ ಕತ್ತಿನಂತೆ ಹಸಿರಿನ ಕಡೆಗೆ ವಾಲಿದ್ದರೆ ಅದರೆದುರು ನಿಲ್ಲುವುದು ಇಟ್ಟಿಗೆ, ಕೆಮ್ಮಣ್ಣು, ತಾಮ್ರದಂತಹ ಕೆಂಪು ಬೆರೆತ ಬಣ್ಣಗಳು. ಬಟ್ಟೆಗೆ ಹಾಕುವ ನೀಲಿಯಂತೆ ನೇರಳೆಯ ಕಡೆಗೆ ವಾಲಿದ್ದರೆ ಅರಿಶಿನ, ಜೇನು, ಗೋಧಿಯಂತಹ ಹಳದಿ ಬೆರೆತವು. ಆಕಾಶನೀಲಿಯಂತಹ ತಿಳಿ ಟೈಲ್ಸ್ ಇರುವವರಿಗೆ ಇಷ್ಟು ಕಷ್ಟವಿಲ್ಲ, ತೇಗದ ಬಣ್ಣದ ಕಪಾಟು ಒಂದಿದ್ದರೆ ಅದು ತಾನಾಗಿ ಬೆಚ್ಚಗಾಗುತ್ತದೆ. ನಮ್ಮದು ಕೊಂಚವೇ ಹಸಿರಿಗೆ ವಾಲಿದ ಕಡುನೀಲಿ.

ಹಾಗೆಂದು ನೀಲಿಯೆದುರು ಅಷ್ಟೇ ಕಡುವಾದ ಕಿತ್ತಳೆಯನ್ನು ಅಷ್ಟೇ ವಿಸ್ತಾರಕ್ಕೆ ತಂದು ನಿಲ್ಲಿಸಿದರೆ ಎರಡೂ ಒಂದರ ಮೇಲೊಂದು ಬಿದ್ದು ಕಣ್ಣು ಕುಕ್ಕುತ್ತವೆ. ಸನ್‌ಮೈಕಾ ಅಂಗಡಿಯಲ್ಲಿ ನನಗೆ ತೋರಿಸಿದ ಕಿತ್ತಳೆ ಹಾಳೆಯನ್ನು ಒಂದು ರಾತ್ರಿ ಟೈಲ್ಸಿನ ಪಕ್ಕ ಇಟ್ಟು ನೋಡಿ ಮರುದಿನವೇ ಹಿಂದಿರುಗಿಸಿದೆ. ವಿರುದ್ಧ ಬಣ್ಣ ಬೇಕು, ಆದರೆ ಅದು ಮಣ್ಣಿನಲ್ಲಿ ಅದ್ದಿ ತೆಗೆದಂತೆ ತಣಿದಿರಬೇಕು, ಮತ್ತು ನೀಲಿಗಿಂತ ಕಡಿಮೆ ಜಾಗದಲ್ಲಿರಬೇಕು.

ಇದಕ್ಕೆ ದಾರಿ ತೋರಿಸಿದವರು ಅತ್ತೆಯವರು. ಅವರ ತವರು ಜಗಳೂರಿನ ಕಡೆಯ ಒಂದು ಹಳ್ಳಿ. ಪ್ರತಿವರ್ಷ ಹಬ್ಬಕ್ಕೆ ಮುನ್ನ ಅಲ್ಲಿನ ಮನೆಗೆ ಸುಣ್ಣ ಹಚ್ಚುವಾಗ, ಸುಣ್ಣದ ನೀರಿಗೆ ಒಂದಿಷ್ಟು ನೀಲಿ ಕದಡಿ, ಗೋಡೆಯ ಬುಡಕ್ಕೆ ಮೊಣಕಾಲೆತ್ತರ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರಂತೆ. ನೀಲಿ ಹೆಚ್ಚಾದ ವರ್ಷ ಗೋಡೆ ಆಕಾಶದಂತೆ ಕಾಣುತ್ತಿತ್ತು, ಆಗ ಅವರ ತಾಯಿ ಕೆಮ್ಮಣ್ಣಿನ ಪಟ್ಟಿಯನ್ನು ಒಂದು ಗೇಣು ಏರಿಸುತ್ತಿದ್ದರು ಎಂದು ಅತ್ತೆಯವರು ಹೇಳಿದಾಗ ನಾನು ನಿಂತಲ್ಲೇ ನಿಂತುಬಿಟ್ಟೆ. ನೀಲಿ ಹೆಚ್ಚಾದರೆ ಕೆಂಪು ಮಣ್ಣು ಹೆಚ್ಚಾಗಬೇಕು ಎಂಬ ಅಳತೆಯನ್ನು ಆ ತಾಯಿ ಕಣ್ಣಳತೆಯಲ್ಲೇ ತಿಳಿದಿದ್ದರು. ಅತ್ತೆಯವರಿಗೆ 1996ರಲ್ಲಿ ನೀಲಿ ಏಕೆ ಇಷ್ಟವಾಯಿತೆಂಬುದೂ ನನಗೆ ಆಗಲೇ ತಿಳಿದದ್ದು.

ಗೋಡೆಯ ಬಣ್ಣಕ್ಕೆ ಬೆಣ್ಣೆಯನ್ನು ಆರಿಸಿಕೊಂಡೆ. ಬೆಣ್ಣೆದೋಸೆಯ ಊರಿನಲ್ಲಿ ಬೆಣ್ಣೆಯ ಬಣ್ಣ ಯಾವುದೆಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ: ಎಮ್ಮೆಯ ಬೆಣ್ಣೆ ಬೆಳ್ಳಗಿರುತ್ತದೆ, ಹಸುವಿನದು ಹಳದಿಗೆ ತಿರುಗಿರುತ್ತದೆ. ಅಂಗಡಿಯ ಬಣ್ಣದ ಕಾರ್ಡಿನಲ್ಲಿ ಈ ಎರಡರ ನಡುವೆಯೇ ಹತ್ತಾರು ಮೆಟ್ಟಿಲುಗಳಿವೆ. ಹಸುವಿನ ಬೆಣ್ಣೆಯಂತಹ ಹಳದಿ ನಮ್ಮ ನೀಲಿಯೆದುರು ಇನ್ನೂ ಹಳದಿಯಾಗಿ, ಹಳೆಯ ಕಾಗದದಂತೆ ಕಂಡಿತು. ಎಮ್ಮೆಯ ಬೆಣ್ಣೆಗೆ ಒಂದು ಹನಿ ಕೆಂಪು ಬಿದ್ದರೆ ಹೇಗೋ ಹಾಗಿರುವ ಬಣ್ಣವನ್ನು ಕಡೆಗೆ ಒಪ್ಪಿಕೊಂಡೆವು. ಎದುರಿನಿಂದ ಬಂದು ಬೀಳುವ ನೀಲಿಯನ್ನು ಆ ಹನಿ ಕೆಂಪು ಕುಡಿದುಬಿಡುತ್ತದೆ, ಗೋಡೆ ಹಗಲೆಲ್ಲ ಬೆಣ್ಣೆಯಾಗಿಯೇ ಉಳಿಯುತ್ತದೆ.

ಬಣ್ಣದ ಕಾರ್ಡನ್ನು ನಂಬಿ ಯಾರೂ ಗೋಡೆಗೆ ಕೈ ಹಾಕಬಾರದು. ಉಗುರಗಲದ ಆ ಚೌಕದ ಸುತ್ತ ಬಿಳಿಯ ಕಾಗದವಿರುತ್ತದೆ, ನಮ್ಮ ಗೋಡೆಯ ಸುತ್ತ ಟೈಲ್ಸ್ ಇರುತ್ತದೆ. ನಾನು ಎರಡಡಿ ಚೌಕದ ರಟ್ಟುಗಳಿಗೆ ಎರಡೆರಡು ಕೋಟು ಹಚ್ಚಿ, ಒಣಗಿದ ಮೇಲೆ ಟೈಲ್ಸಿಗೆ ತಾಗಿಸಿ ನಿಲ್ಲಿಸಿ, ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ದೀಪ ಹಚ್ಚುವ ಮುನ್ನ ಮತ್ತು ರಾತ್ರಿ ಅಡುಗೆಯ ಹೊತ್ತಿಗೆ ನೋಡುತ್ತಿದ್ದೆ. ಇವುಗಳಲ್ಲಿ ಸಂಜೆಯ ಹೊತ್ತು ನನಗೆ ಹೆಚ್ಚು ಕಲಿಸಿತು. ಬೆಳಕು ಇಳಿಯುತ್ತಿದ್ದಂತೆ ಕೆಮ್ಮಣ್ಣಿನ ಬಣ್ಣದ ರಟ್ಟು ಕಪ್ಪಿಗೆ ತಿರುಗುತ್ತಿತ್ತು, ನೀಲಿ ಮಾತ್ರ ಗೋಡೆಯಿಂದ ಎದ್ದು ಮುಂದಕ್ಕೆ ಬರುತ್ತಿತ್ತು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ನೀಲಿಯನ್ನು ಹೆಚ್ಚು ಗ್ರಹಿಸುವುದರಿಂದ ಹೀಗಾಗುತ್ತದೆ; ಬೊಹೀಮಿಯಾದ ವಿಜ್ಞಾನಿ ಪುರ್ಕಿಂಜೆ 1819ರಲ್ಲಿ ಗುರುತಿಸಿದ ಈ ಪರಿಣಾಮಕ್ಕೆ ಅವರದೇ ಹೆಸರಿದೆ. ಹಾಗಾಗಿ ಕೆಳಗಿನ ಕಪಾಟುಗಳಿಗೆ ನಾನು ಎಣಿಸಿದ್ದ ಗಾಢ ಕೆಂಪುಗಂದನ್ನು ಬಿಟ್ಟು, ಅದಕ್ಕಿಂತ ತಿಳಿಯಾದ, ಹೊಸ ಬೆಲ್ಲದ ಬಣ್ಣದ ಮರದ ಗೆರೆಗಳಿರುವ ಸನ್‌ಮೈಕಾ ಹಾಕಿಸಿದೆ. ಮೇಲಿನ ಕಪಾಟುಗಳಿಗೆ ಗೋಡೆಯ ಬೆಣ್ಣೆಯೇ. ಎರಡೂ ಹೊಳಪಿಲ್ಲದವು, ಏಕೆಂದರೆ ಹೊಳಪನ್ನು ಟೈಲ್ಸ್ ಈಗಾಗಲೇ ಸಾಕಷ್ಟು ಕೊಡುತ್ತದೆ.

ದೀಪದ ವಿಷಯವನ್ನು ಬಹಳ ಮಂದಿ ಕಡೆಗೆ ಬಿಡುತ್ತಾರೆ. ನಮ್ಮ ಅಡುಗೆಮನೆಯಲ್ಲಿದ್ದ ಎಲ್‌ಇಡಿ ಟ್ಯೂಬಿನ ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದು ಬರೆದಿತ್ತು. ಈ ಸಂಖ್ಯೆ ಹೆಚ್ಚಾದಷ್ಟೂ ಬೆಳಕು ನೀಲಿಗೆ, ಕಡಿಮೆಯಾದಷ್ಟೂ ಹಳದಿಗೆ ತಿರುಗುತ್ತದೆ. 6500ರ ಬೆಳಕಿನಲ್ಲಿ ಟೈಲ್ಸ್ ಉಜ್ವಲವಾಗಿ ಕಂಡರೂ ತಟ್ಟೆಯಲ್ಲಿನ ಬೇಳೆಸಾರು, ಹಂಚಿನ ಮೇಲಿನ ರೊಟ್ಟಿ ಎರಡೂ ಬಿಳಿಚಿಕೊಂಡಿದ್ದವು. 2700ರ ದೀಪ ಹಾಕಿ ನೋಡಿದರೆ ಊಟ ಚೆನ್ನಾಗಿ ಕಂಡಿತು, ಆದರೆ ಅತ್ತೆಯವರ ನೀಲಿ ಬೂದಿ ಬಳಿದಂತೆ ಮಂಕಾಯಿತು. 4000 ಕೆಲ್ವಿನ್ನಿನ ದೀಪಗಳಲ್ಲಿ ಎರಡೂ ಉಳಿದವು. ಅದೇ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಇದ್ದರೆ ಅದನ್ನೂ ನೋಡಬೇಕು. ವಸ್ತುವಿನ ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು, 90 ಮತ್ತು ಅದಕ್ಕಿಂತ ಮೇಲಿದ್ದರೆ ಒಳ್ಳೆಯದು.

ಟೈಲ್ಸಿನ ಸಂದುಗಳೂ ಬಣ್ಣವೇ. ಇಪ್ಪತ್ತೆಂಟು ವರ್ಷಗಳ ಒಗ್ಗರಣೆಯ ಜಿಡ್ಡು ಮತ್ತು ಅರಿಶಿನ ಕುಡಿದ ಹಳೆಯ ವೈಟ್ ಸಿಮೆಂಟನ್ನು ಮೇಸ್ತ್ರಿ ಕೆರೆದು ತೆಗೆದರು. ಅಲ್ಲಿಗೆ ಮತ್ತೆ ಅಚ್ಚ ಬಿಳಿ ತುಂಬಿದರೆ ನೀಲಿಯ ಮೇಲೆ ಬಲೆ ಹರಡಿದಂತೆ ಕಾಣುತ್ತದೆ. ನೀಲಿಯನ್ನೇ ತುಂಬಿದರೆ ಟೈಲ್ಸಿನ ಲೆಕ್ಕವೇ ಅಳಿಸಿ ಗೋಡೆ ಒಂದೇ ಮುದ್ದೆಯಾಗುತ್ತದೆ. ತಿಳಿಬೂದು ಬಣ್ಣದ ಎಪಾಕ್ಸಿ ಗ್ರೌಟ್ ತುಂಬಿಸಿದೆವು. ಬೆಲೆ ಹೆಚ್ಚು, ಆದರೆ ಎಣ್ಣೆಯನ್ನೂ ಅರಿಶಿನವನ್ನೂ ಹೀರುವುದಿಲ್ಲ. ಕಡುಬಣ್ಣದ ಟೈಲ್ಸಿನ ಮೇಲೆ ನಮ್ಮ ಬೋರಿನ ಗಡಸು ನೀರಿನ ಬಿಳಿ ಕಲೆ ಎದ್ದು ಕಾಣುತ್ತದೆ, ಆದ್ದರಿಂದ ಸಿಂಕಿನ ಬಳಿ ಪಾತ್ರೆ ತೊಳೆದಾದ ಮೇಲೆ ಒಣಬಟ್ಟೆಯಿಂದ ಒರೆಸುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಕಟ್ಟೆಗೆ ಕಪ್ಪಿನ ಬದಲು ಕಂದು ಚುಕ್ಕೆಗಳ ಗ್ರಾನೈಟ್ ಬಂತು.

ಅಗ್ನಿಯ ಮೂಲೆಯಲ್ಲಿ ನೀರಿನ ಬಣ್ಣ ಇರಬಾರದೆಂದು ವಾಸ್ತು ತಿಳಿದ ಬಂಧುವೊಬ್ಬರು ಕಳವಳಪಟ್ಟರು. ಅತ್ತೆಯವರು, ಕೆಂಪು ಮಣ್ಣು ಇದೆಯಲ್ಲ, ಸಾಕು ಎಂದರು, ಮಾತು ಅಲ್ಲಿಗೆ ಮುಗಿಯಿತು. ಇದೇ ಜೋಡಿಯನ್ನು ನಾನು ಹಿಂದೊಮ್ಮೆ ಬೀದರಿನಲ್ಲಿ, 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾದಲ್ಲಿ ನೋಡಿದ್ದೆ. ಅದರ ಗೋಡೆಗಳಿಗೆ ಅಂಟಿದ್ದ ನೀಲಿ, ಬಿಳಿ, ಹಳದಿ ಮೆರುಗಿನ ಬಿಲ್ಲೆಗಳಲ್ಲಿ ಬಹುಪಾಲು ಉದುರಿಹೋಗಿವೆ; ಉಳಿದ ನೀಲಿ ಆ ಮಣ್ಣುಬಣ್ಣದ ಬರಿಗೋಡೆಯ ನಡುವೆ ಹೊಳೆಯುವ ಬಗೆಯನ್ನು ಕಂಡವರು ಮರೆಯಲಾರರು. ಆಗ ಅದನ್ನು ಬರಿದೇ ಮೆಚ್ಚಿ ಬಂದಿದ್ದೆ, ನಮ್ಮ ಅಡುಗೆಮನೆಗೆ ಅದರಿಂದ ಏನಾದರೂ ದಕ್ಕೀತೆಂದು ಹೊಳೆದಿರಲಿಲ್ಲ.

ಕೆಲಸ ಮುಗಿದ ಮೇಲೆ ಅತ್ತೆಯವರು ಅಟ್ಟದಿಂದ ತಮ್ಮ ಮದುವೆಯ ತಾಮ್ರದ ತಂಬಿಗೆ ಮತ್ತು ಎರಡು ಬಿಂದಿಗೆಗಳನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ನೀಲಿಗೋಡೆಯ ಮುಂದಿನ ಹಲಗೆಯ ಮೇಲೆ ಸಾಲಾಗಿ ಇಟ್ಟರು. ನಾನು ಅಂಗಡಿಯಲ್ಲಿ ತಿಂಗಳುಗಟ್ಟಲೆ ಹುಡುಕಿದ ಕಿತ್ತಳೆ ಅದೇ ಆಗಿತ್ತು. ಬೆಳಗಿನ ಬಿಸಿಲು ಆ ಬಿಂದಿಗೆಗಳಿಗೆ ತಾಗಿದಾಗ ಹಿಂದಿನ ನೀಲಿ ಒಂದು ಪಟ್ಟು ಆಳವಾಗುತ್ತದೆ. ಇನ್ನು ಕಿಟಕಿಯ ಚೌಕಟ್ಟು ಮಾತ್ರ ಉಳಿದಿದೆ. ಅದಕ್ಕೆ ಕೆಮ್ಮಣ್ಣಿನ ಬಣ್ಣವನ್ನೇ ಹಚ್ಚಿಸಬೇಕೆಂದು ಅತ್ತೆಯವರು ಹೇಳಿದ್ದಾರೆ, ಬಣ್ಣದವರು ಯುಗಾದಿ ಮುಗಿಸಿ ಬರುತ್ತೇನೆ ಎಂದಿದ್ದಾರೆ.