ಲೀಸಸ್ ಕಡತಕ್ಕೆ ಕೈ ಹಾಕಿದ ರಾತ್ರಿ

ದಸರಾಕ್ಕೆ ಎಂಟು ದಿನ ಬಾಕಿ ಇತ್ತು. ನೆಲಮಂಗಲದ ಆಚೆಗಿರುವ ನಮ್ಮ ಗೋದಾಮಿಗೆ ಹಬ್ಬದ ಕೆಲಸಕ್ಕೆಂದು ಹೊಸಬರು ತಂಡ ತಂಡವಾಗಿ ಬಂದು ಸೇರಿದ್ದರು. ನೆಟ್‌ವರ್ಕ್ ನೋಡಿಕೊಳ್ಳಲು ರಾತ್ರಿ ಪಾಳಿಯಲ್ಲಿ ನಾನೊಬ್ಬನೇ. ಒಂದೂವರೆಗೆ ಮೇಲ್ವಿಚಾರಕರು ಕರೆ ಮಾಡಿದರು: "ಸರ್, ಹೊಸ ಸ್ಕ್ಯಾನರ್‌ಗಳು ನೆಟ್‌ವರ್ಕ್ ಹಿಡಿಯುತ್ತಿಲ್ಲ. ಹಳೆಯವು ಸರಿಯಾಗಿಯೇ ಇವೆ."

ನೆಟ್‌ವರ್ಕ್ ಸೇರುವ ಯಂತ್ರಗಳಿಗೆ ವಿಳಾಸ ಹಂಚುವ ಸರ್ವರ್‌ಗೆ ಲಾಗಿನ್ ಆಗಿ, ಅದರ ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್ ನೋಡಿದರೆ ಒಂದೇ ದೂರು ಮತ್ತೆ ಮತ್ತೆ: ನೋ ಫ್ರೀ ಲೀಸಸ್. ಲೀಸ್ ಎಂದರೆ ಒಂದು ಅವಧಿಗೆ ಕೊಟ್ಟ ವಿಳಾಸ; ಕೊಡಲು ಒಂದೂ ಉಳಿದಿಲ್ಲ. ಹಂಚಲು ಇಟ್ಟ ಪೂಲ್‌ನಲ್ಲಿ 50ರಿಂದ 250ರವರೆಗೆ 201 ವಿಳಾಸಗಳು. ಲೀಸ್ ಪಟ್ಟಿ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಮೊಬೈಲ್‌ಗಳೇ. ಅವಧಿ 691200 ಸೆಕೆಂಡ್, ಅಂದರೆ ಎಂಟು ದಿನ. ಪಾಳಿ ಮುಗಿಸಿ ಮನೆಗೆ ಹೋದವರ ಮೊಬೈಲ್‌ಗೂ ಎಂಟು ದಿನ ಇಲ್ಲೊಂದು ವಿಳಾಸ ಕಾದಿರುತ್ತದೆ. ಮೊಬೈಲ್‌ಗಳಿಗೆ ಬೇರೆ ನೆಟ್‌ವರ್ಕ್ ಮಾಡಿಕೊಡಿ ಎಂದು ಆಡಳಿತಕ್ಕೆ ಎರಡು ಸಲ ಬರೆದಿದ್ದೆ. ಎರಡು ಸಲವೂ ಹಬ್ಬ ಕಳೆಯಲಿ ಎಂಬ ಉತ್ತರ ಬಂದಿತ್ತು.

ಅವಧಿ ಇಳಿಸಿದರೆ ಇನ್ನು ಮುಂದೆ ಕೊಡುವ ಲೀಸ್‌ಗಳಿಗೆ ಮಾತ್ರ ಅನ್ವಯ; ಕೊಟ್ಟಾಗಿರುವವು ತಮ್ಮ ಕಾಲ ಮುಗಿಸಿಯೇ ಹೋಗುತ್ತವೆ. ಅಷ್ಟು ಕಾಯಲು ನನಗೆ ಮನಸ್ಸಾಗಲಿಲ್ಲ. ಹಳೆಯ ಲೆಕ್ಕವನ್ನೇ ಅಳಿಸಿಬಿಟ್ಟರೆ ಎಲ್ಲರೂ ಹೊಸದಾಗಿ ಕೇಳುತ್ತಾರೆ, ನಿಜವಾಗಿ ಇರುವವರಿಗಷ್ಟೇ ವಿಳಾಸ ಸಿಗುತ್ತದೆ ಎಂದುಕೊಂಡೆ. ಸೇವೆ ನಿಲ್ಲಿಸಿ, ಆ ಲೆಕ್ಕವಿರುವ ಲೀಸಸ್ ಕಡತವನ್ನು ಬೇರೆ ಡೈರೆಕ್ಟರಿಗೆ ಸರಿಸಿ, ಮತ್ತೆ ಚಾಲೂ ಮಾಡಿದೆ. ವಿಳಾಸ ಹಂಚುವ ತಂತ್ರಾಂಶ ಡಿಎಚ್‌ಸಿಪಿಡಿ ಏಳಲಿಲ್ಲ. ಲೀಸ್ ಡೇಟಾಬೇಸ್ ತೆರೆಯಲಾಗುತ್ತಿಲ್ಲ, ಕಡತವೇ ಇಲ್ಲ ಎಂದಿತು. ಅದು ನನ್ನನ್ನು ತಡೆಯುತ್ತಿತ್ತು. ನಾನು ಅದನ್ನು ಒಂದು ಸಣ್ಣ ಅಡಚಣೆ ಎಂದುಕೊಂಡು, ಟಚ್ ಆದೇಶದಿಂದ ಅದೇ ಹೆಸರಿನ ಖಾಲಿ ಕಡತ ಮಾಡಿಕೊಟ್ಟೆ. ಸೇವೆ ಎದ್ದಿತು, ಸ್ಥಿತಿ ಹಸಿರು. ಸ್ಕ್ಯಾನರ್‌ಗಳು ಒಂದೊಂದಾಗಿ ಸೇರಿಕೊಂಡವು. ಮೇಲ್ವಿಚಾರಕರು ಧನ್ಯವಾದ ಹೇಳಿದರು.

ಆರು ಗಂಟೆಗೆ ಬೆಳಗಿನ ಪಾಳಿ ಬಂದಿತು. ಆರೂ ಹತ್ತಕ್ಕೆ ಫೋನ್: "ಸರ್, ಮೂರನೇ ಬೇಯಲ್ಲಿ ಸ್ಟಿಕರ್ ಬರುತ್ತಿಲ್ಲ, ಲಾರಿ ನಿಂತಿದೆ." ಅದನ್ನು ನೋಡುವಷ್ಟರಲ್ಲಿ ಬಿಲ್ಲಿಂಗ್ ಟೇಬಲ್‌ನಿಂದ ಇನ್ನೊಂದು ಕರೆ. ಸ್ಟಿಕರ್ ಪ್ರಿಂಟರ್‌ನ ವಿಳಾಸಕ್ಕೆ, ಇದು ಯಾರದ್ದು ಎಂದು ಕೇಳುವ ಆರ್ಪಿಂಗ್ ಆದೇಶ ಕೊಟ್ಟಾಗ ಉತ್ತರದ ಸಾಲುಗಳು ಎರಡು. ವಿಳಾಸ ಒಂದೇ, ಮ್ಯಾಕ್ (ಯಂತ್ರದ ಸ್ವಂತ ಗುರುತಿನ ಸಂಖ್ಯೆ) ಬೇರೆ ಬೇರೆ. ಒಂದು ಪ್ರಿಂಟರ್, ಇನ್ನೊಂದು ನಾನು ರಾತ್ರಿ ಒಳಗೆ ಬಿಟ್ಟ ಸ್ಕ್ಯಾನರ್. ಆ ಎರಡು ಸಾಲುಗಳನ್ನು ನೋಡುತ್ತ ಕೈ ಕೀಲಿಮಣೆಯ ಮೇಲೆಯೇ ನಿಂತುಹೋಯಿತು.

ಲೀಸ್ ಪಡೆದ ಯಂತ್ರ ಸಾಮಾನ್ಯವಾಗಿ ಅರ್ಧ ಅವಧಿ ಕಳೆದ ಮೇಲೆಯೇ ನವೀಕರಣ ಕೇಳುವುದು. ಎಂಟು ದಿನದ ಲೀಸ್ ಎಂದರೆ ನಾಲ್ಕು ದಿನ ಅದು ಸರ್ವರನ್ನು ಮಾತಾಡಿಸಬೇಕಿಲ್ಲ. ಸರ್ವರ್ ಮರೆತರೂ ಯಂತ್ರ ಮರೆತಿರುವುದಿಲ್ಲ. ವಿಳಾಸ ಕೊಡುವ ಮುನ್ನ, ಅದನ್ನು ಯಾರಾದರೂ ಬಳಸುತ್ತಿದ್ದಾರೆಯೇ ಎಂದು ಡಿಎಚ್‌ಸಿಪಿಡಿ ಒಂದು ಪಿಂಗ್ ಕಳಿಸಿ ಒಂದು ಸೆಕೆಂಡ್ ಕಾಯುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಪ್ರಿಂಟರ್ ನಿದ್ದೆಯಲ್ಲಿತ್ತು, ಬಿಲ್ಲಿಂಗ್ ಕಂಪ್ಯೂಟರ್‌ಗಳ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಹೊಸದಾಗಿ ವಿಳಾಸ ಪಡೆದ ಕೆಲವು ಲ್ಯಾಪ್‌ಟಾಪ್‌ಗಳು ಘರ್ಷಣೆಯನ್ನು ತಾವೇ ಪತ್ತೆಹಚ್ಚಿ, ಈ ವಿಳಾಸ ಬೇಡ ಎಂಬ ಡಿಕ್ಲೈನ್ ಕಳಿಸಿದವು. ಅಂಥ ವಿಳಾಸಗಳನ್ನೆಲ್ಲ ಸರ್ವರ್ ಅಬ್ಯಾಂಡನ್ಡ್ ಎಂದು ಬದಿಗಿಟ್ಟಿತು. ಪೂಲ್ ಮತ್ತೆ ಕಿರಿದಾಗುತ್ತಿತ್ತು.

ಆರೂ ನಲವತ್ತಕ್ಕೆ ಲೀಸಸ್ ಕಡತದ ಮ್ಯಾನ್ ಪುಟ (ಕೈಪಿಡಿ) ತೆರೆದೆ. ಕಡತ ಕಾಣದಿದ್ದರೆ ಹೊಸದನ್ನು ಸೃಷ್ಟಿಸಬೇಡಿ, ಹಳೆಯ ಹಂಚಿಕೆಗಳೆಲ್ಲ ಕಳೆದುಹೋಗಿ ಗೊಂದಲವಾಗುತ್ತದೆ, ಹೆಸರಿನ ಕೊನೆಗೆ ಟಿಲ್ಡ್ (~) ಇರುವ ಹಿಂದಿನ ಪ್ರತಿಯನ್ನು ಮರಳಿ ತನ್ನಿ ಎಂದು ದೊಡ್ಡ ಅಕ್ಷರಗಳಲ್ಲಿ ಎಚ್ಚರಿಸಿ ಬರೆದಿದ್ದಾರೆ. ಬೇಡ ಎಂದದ್ದನ್ನೇ ನಾನು ಅಕ್ಷರಶಃ ಮಾಡಿದ್ದೆ. ಎಷ್ಟೋ ವರ್ಷಗಳಿಂದ ಈ ಸಾಧನ ನಡೆಸುತ್ತಿದ್ದೇನೆ, ಆ ಪ್ಯಾರಾ ಓದಿರಲಿಲ್ಲ.

ಅಳಿಸದೆ ಸರಿಸಿಟ್ಟಿದ್ದರಿಂದ ಹಳೆಯ ಕಡತ ಇತ್ತು; ಅದೊಂದೇ ನನ್ನನ್ನು ಉಳಿಸಿದ್ದು. ಈ ಕಡತ ದಿನಚರಿಯ ಹಾಗೆ: ಹೊಸ ನಮೂದು ಕೊನೆಗೆ ಸೇರುತ್ತದೆ, ಒಂದು ವಿಳಾಸಕ್ಕೆ ಕೊನೆಯದೇ ಅಂತಿಮ. ಸೇವೆ ನಿಲ್ಲಿಸಿ, ರಾತ್ರಿ ಕೊಟ್ಟ ಲೀಸ್‌ಗಳನ್ನು ಹಳೆಯದರ ಕೊನೆಗೆ ಸೇರಿಸಿದೆ. ಡಿಎಚ್‌ಸಿಪಿಡಿ ಆದೇಶದ ಜೊತೆ ಸಣ್ಣ ಟಿ (-t) ಕೊಟ್ಟರೆ ಸಂರಚನೆಯನ್ನಷ್ಟೇ ಪರೀಕ್ಷಿಸುತ್ತದೆ. ದೊಡ್ಡ ಟಿ (-T) ಲೀಸಸ್ ಕಡತವನ್ನೂ ನೋಡುತ್ತದೆ. ಅದನ್ನು ಎರಡು ಸಲ ಓಡಿಸಿದ ಮೇಲೆಯೇ ಚಾಲೂ ಮಾಡಿದೆ. ಘರ್ಷಣೆಯಾದ ಸ್ಕ್ಯಾನರ್‌ಗಳನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಬಿಡಿಸಬೇಕಾಯಿತು. ಲಾರಿ ಹೊರಟಾಗ ಒಂಬತ್ತೂವರೆ.

ಹೆಚ್ಚು ಕೊರೆಯುವುದು ಇದು: 20ರಿಂದ 49ರವರೆಗಿನ 30 ವಿಳಾಸಗಳು ಯಾರಿಗೂ ಕೊಡದೆ ಖಾಲಿ ಬಿದ್ದಿದ್ದವು. ಪೂಲ್‌ನ ಗಡಿ ಹೇಳುವ ರೇಂಜ್ ಸಾಲಿನಲ್ಲಿ ಒಂದು ಸಂಖ್ಯೆ ಬದಲಿಸಿದ್ದರೆ ಆ ರಾತ್ರಿ ಕಳೆಯುತ್ತಿತ್ತು. ಯಾರದ್ದೂ ವಿಳಾಸ ಅಲುಗುತ್ತಿರಲಿಲ್ಲ.

ಈಗ ಅವಧಿ ಎಂಟು ಗಂಟೆ. ಈ ಡಿಎಚ್‌ಸಿಪಿಡಿಯ ನಿರ್ವಹಣೆಯನ್ನು ಅದನ್ನು ರೂಪಿಸಿದ ಐಎಸ್‌ಸಿ ಸಂಸ್ಥೆ 2022ರಲ್ಲೇ ಮುಗಿಸಿದೆ, ಅವರದ್ದೇ ಹೊಸ ತಂತ್ರಾಂಶ ಕಿಯಾಗೆ ಹೋಗೋಣ ಎಂದು ಮೂರನೇ ಪತ್ರವನ್ನೂ ಬರೆದಿದ್ದೇನೆ. ಕಿಯಾದಲ್ಲಿ ಬೇಕಾದ ಒಂದು ಲೀಸನ್ನಷ್ಟೇ ತೆಗೆಯುವ ಆದೇಶವಿದೆ. ಉತ್ತರ ಬರುವವರೆಗೆ ಕೂರದೆ, ಪ್ರಿಂಟರ್‌ಗಳ ಮ್ಯಾಕ್ ಬರೆದುಕೊಂಡು ಪ್ರತಿಯೊಂದಕ್ಕೂ ಸ್ಥಿರ ವಿಳಾಸ ಕಟ್ಟುತ್ತಿದ್ದೇನೆ. ಮೂರನೇ ಬೇಯದ್ದು ಮಾತ್ರ ಬಾಕಿ. ಅದರ ಬೆನ್ನಿನ ಚೀಟಿ ಅಳಿಸಿಹೋಗಿದೆ. ಶನಿವಾರ ಲಾರಿ ಇಲ್ಲದ ಹೊತ್ತಿನಲ್ಲಿ ಬಿಚ್ಚಿ ನೋಡಬೇಕು.